ಅತ್ತೆಯ ಸೀನು, ಹರ್ಮಿಸನ ಕಿವಿ

ಎಲ್ಲ ಶುರುವಾದದ್ದು ಅತ್ತೆಯ ಒಂದು ಸೀನಿನಿಂದ.

ಮಿಕ್ಕೋಸ್ ನಮ್ಮೂರಿನ ಹೆಂಚಿನವನು. ಊರಿನ ಮುಕ್ಕಾಲು ಪಾಲು ಮನೆಗಳ ಮೇಲೆ ಕೂತಿರುವುದು ಅವನ ಗೂಡಿನಲ್ಲಿ ಬೆಂದ ಹೆಂಚೇ. ಮಳೆ ಬಂದರೆ ಯಾರ ಮನೆಯೂ ಸೋರುವುದಿಲ್ಲ, ಅವನ ಮನೆ ಒಂದನ್ನು ಬಿಟ್ಟು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವನ ಹೆಂಡತಿ ತಿಮಾರೆಟ ದಿನಕ್ಕೊಮ್ಮೆಯಾದರೂ ಅನ್ನದೆ ಇರುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ರೊಟ್ಟಿ ಬುಟ್ಟಿಯನ್ನು ತಂದು ಅವನ ಮೂಗಿನ ಕೆಳಗೇ ಹಿಡಿದಳು.

“ನೋಡು, ರೊಟ್ಟಿ ಈಜ್ತಾ ಇದೆ. ನಾಲ್ಕು ಹೆಂಚು ಹಾಕಿಸು ಅಂತ ಕೇಳಿದಾಗ ನಮ್ಮ ಚಿಕ್ಕವನು ಇನ್ನೂ ಅಂಬೆಗಾಲಲ್ಲಿದ್ದ. ಈಗ ಮೇಕೆ ಕಾಯೋಕೆ ಹೋಗ್ತಾನೆ.”

“ಈ ವಾರ ಹಾಕ್ತೀನಿ ಅಂದ್ನಲ್ಲ.”

“ಯಾವ ವಾರ? ಜೀಯಸ್ ದೇವರ ಅಪ್ಪ ಹುಟ್ಟೋಕೆ ಮೊದಲಿನ ವಾರಾನಾ?”

ಮಿಕ್ಕೋಸನಿಗೆ ರೇಗಿತು. ಸಾಮಾನ್ಯವಾಗಿ ರೇಗದವರು ರೇಗಿದಾಗ ಆಡಬಾರದ್ದನ್ನೇ ಆಡುತ್ತಾರೆ. “ಸರಿ ಕಣೇ, ನಾನು ಹೊರಟೇಬಿಡ್ತೀನಿ! ಹೊಳೆ ಬಾಯಲ್ಲಿ ಪಡುವಣ ಹಡಗು ನಿಂತಿದೆಯಲ್ಲ, ಅದನ್ನ ಹತ್ತಿ ಹೋಗೇಹೋಗ್ತೀನಿ!”

ಒಲೆಯ ಮುಂದೆ ಕಂಬಳಿ ಹೊದ್ದು ಕೂತಿದ್ದ ಅತ್ತೆ, ತಿಮಾರೆಟಳ ತಾಯಿ, “ಆಕ್ಷೀ!” ಎಂದು ಸೀನಿದಳು.

ಆಡಿದ ಮಾತಿನ ಬೆನ್ನಿಗೇ ಸೀನು ಬಿದ್ದರೆ ಆ ಮಾತಿಗೆ ದೇವರು ಹೂಂಗುಟ್ಟಿದ ಹಾಗೆ, ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸೀನನ್ನು ಯಾರೂ ಬೇಕೆಂದು ತಂದುಕೊಳ್ಳುವುದಿಲ್ಲ, ಬೇಡವೆಂದರೆ ಅದು ನಿಲ್ಲುವುದೂ ಇಲ್ಲ. ಹಾಗಾದರೆ ಕಳಿಸಿದವರು ಯಾರು? ತಿಮಾರೆಟಳ ಕೈಯ ಬುಟ್ಟಿ ಕೆಳಗಿಳಿಯಿತು. ಮಿಕ್ಕೋಸ್ ಸೂರು ನೋಡಿದ. ಅಲ್ಲಿಂದ ಒಂದು ಹನಿ ಅವನ ಹಣೆಯ ಮೇಲೆ ಬಿತ್ತು.

“ನಾನೇನೂ ಕೇಳಿಸ್ಕೊಂಡಿಲ್ಲಪ್ಪ,” ಎಂದು ಗೋಡೆಯಾಚೆಯಿಂದ ಪಕ್ಕದ ಮನೆಯ ಬಿಟ್ಟೋ ಹೇಳಿದಳು. ಬಿಟ್ಟೋ ಸಂತೆಯಲ್ಲಿ ಮೀನು ಮಾರುವವಳು. ಅವಳ ಮೀನಿಗಿಂತ ಸುದ್ದಿಯೇ ಯಾವಾಗಲೂ ಹೆಚ್ಚು ತಾಜಾ.

ಆ ಹಡಗಿನ ವಿಷಯ ಊರಿಗೆಲ್ಲ ಗೊತ್ತಿತ್ತು. ಸಮುದ್ರದಾಚೆ, ಪಡುವಣದ ದೊಡ್ಡ ದ್ವೀಪದಲ್ಲಿ, ಹೊಸ ಊರು ಕಟ್ಟಲು ಜನ ಹೊರಟಿದ್ದರು. ಇನ್ನು ಒಂದೇ ಸಂಸಾರಕ್ಕೆ ಜಾಗ ಇದೆ, ನಾಳೆ ಬೆಳಿಗ್ಗೆ ಹೊರಡುತ್ತೇವೆ ಎಂದು ಹಡಗಿನ ಡಂಗುರದವನು ಸಂತೆಯಲ್ಲಿ ಸಾರಿ ಹೋಗಿದ್ದ. ಹಡಗಿನ ನಾಯಕನನ್ನು ಮಾತ್ರ ಊರಿನವರು ಯಾರೂ ಕಂಡಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: ಮಿಕ್ಕೋಸನಿಗೆ ಹೋಗುವ ಆಸೆ ಎಳ್ಳಷ್ಟೂ ಇರಲಿಲ್ಲ. ತನ್ನ ಗೂಡಿನ ಹೊಗೆ ಕಾಣದ ಜಾಗದಲ್ಲಿ ಅವನು ಒಂದು ರಾತ್ರಿಯೂ ಮಲಗಿದವನಲ್ಲ. ಅಜ್ಜ ಕಟ್ಟಿದ ಗೂಡು, ಅಂಗಳದ ಅಂಜೂರದ ಮರ, ಬೈಯುತ್ತಲೇ ತನ್ನ ತಟ್ಟೆಗೆ ಇನ್ನೊಂದು ತುಂಡು ಗಿಣ್ಣು ಹಾಕುವ ಹೆಂಡತಿ, ಇಷ್ಟೇ ಅವನ ಪ್ರಪಂಚ. ಆದರೆ ದೇವರು ಹೂಂ ಅಂದ ಮೇಲೆ ಉಹೂಂ ಅನ್ನುವವನು ಯಾರು?

ಅವನು ಸಂತೆ ಮುಟ್ಟುವಷ್ಟರಲ್ಲಿ ಸುದ್ದಿ ಅಲ್ಲಿಗೆ ಬಂದು ಕಾಲು ಚಾಚಿ ಕೂತಿತ್ತು.

“ಮಿಕ್ಕೋಸಣ್ಣ, ಆ ಕಡೆ ಒಕ್ಕಣ್ಣಿನ ದೈತ್ಯರು ಇರ್ತಾರಂತಲ್ಲ, ಅವರ ಮನೇಗೂ ಹೆಂಚು ಬೇಕಾಗತ್ತಾ?” ಎಂದ ಆಲಿವ್ ಮಾರುವವನು.

“ದೈತ್ಯರಿರಲಿ, ಮೊದಲು ಆ ಜಲಸಂಧಿ ದಾಟ್ಬೇಕಲ್ಲ. ಅಲ್ಲಿ ಆರು ತಲೆಯ ಹೆಣ್ಣು ಬಂಡೆ ಮೇಲೆ ಕೂತಿರ್ತಾಳೆ. ಹಡಗಿಗೆ ಆರು ಜನರಂತೆ ನುಂಗ್ತಾಳೆ. ನೀನು ನಡುವೆ ಕೂತ್ಕೋ, ತುದೀಲಿ ಬೇಡ,” ಎಂದಳು ಬಿಟ್ಟೋ, ಅಕ್ಕರೆಯಿಂದಲೇ.

ಹೂಜಿ ಮಾಡುವ ಡೆಕ್ಸಿಯೋಸನಂತೂ ಬಂದು ತಬ್ಬಿಕೊಂಡ. ಮಿಕ್ಕೋಸನ ಮಣ್ಣಿನ ಗುಂಡಿಯ ಮೇಲೆ ಅವನಿಗೆ ಬಹಳ ದಿನದ ಕಣ್ಣು. “ಚಿಂತೆ ಮಾಡ್ಬೇಡ ತಮ್ಮಾ. ನಿನ್ನ ಗುಂಡೀನ ನನ್ನ ಸ್ವಂತದ್ದು ಅನ್ನೋ ಹಾಗೆ ನೋಡ್ಕೋತೀನಿ.”

ಕ್ಷೌರದ ಸ್ಪಿಂಥರ್ ಅವನನ್ನು ಎಳೆದು ತನ್ನ ಮಣೆಯ ಮೇಲೆ ಕೂರಿಸಿದ. “ಅಲ್ಲಯ್ಯ, ಸೀನು ಅನ್ನೋದು ಅರ್ಧ ಮಾತು. ಅರ್ಧ ಮಾತು ನಂಬ್ಕೊಂಡು ಯಾರಾದ್ರೂ ಊರು ಬಿಡ್ತಾರಾ? ಪೂರ್ತಿ ಮಾತು ಬೇಕಾದ್ರೆ ಹರ್ಮಿಸನನ್ನೇ ಕೇಳು. ಅಲ್ಲೇ ನಿಂತಿದಾನಲ್ಲ.”

ಮಿಕ್ಕೋಸನ ಮುಖಕ್ಕೆ ಬೆಳಿಗ್ಗೆಯಿಂದ ಮೊದಲ ಸಲ ರಕ್ತ ಬಂತು. ಹೌದಲ್ಲ!

ನಮ್ಮ ಸಂತೆಯ ನಡುವೆ ಹರ್ಮಿಸ್ ನಿಂತಿದ್ದಾನೆ. ಚೌಕದ ಕಲ್ಲಿನ ಮೈ, ಗಡ್ಡದ ಮುಖ. ದಾರಿಯ ದೇವರು, ಸಂತೆಯ ದೇವರು, ಮಾತಿನ ದೇವರು. ಅವನಿಗೆ ಪೂಜಾರಿ ಬೇಕಿಲ್ಲ. ಸಂಜೆ ಇಳಿಯುವಾಗ ಅವನ ಮುಂದಿನ ಕಂಚಿನ ದೀಪಗಳಲ್ಲಿ ಒಂದಕ್ಕೆ ಎಣ್ಣೆ ಹಾಕಿ ಹೊತ್ತಿಸಬೇಕು, ಬಲಗಡೆ ಒಂದು ತಾಮ್ರದ ಕಾಸು ಇಡಬೇಕು, ಅವನ ಕಿವಿಯಲ್ಲಿ ಪ್ರಶ್ನೆಯನ್ನು ಪಿಸುಗುಟ್ಟಬೇಕು. ಆಮೇಲೆ ನಮ್ಮ ಎರಡೂ ಕಿವಿ ಬಿಗಿಯಾಗಿ ಮುಚ್ಚಿಕೊಂಡು ಸಂತೆಯ ಗಡಿಕಲ್ಲು ದಾಟಬೇಕು. ದಾಟಿದ ಮೇಲೆ ಕೈ ತೆಗೆದಾಗ ಯಾವ ಮನುಷ್ಯನ ಯಾವ ಮಾತು ಮೊದಲು ಕಿವಿಗೆ ಬೀಳುತ್ತದೋ ಅದೇ ದೇವರ ಉತ್ತರ. ಕಂಡ ಕಂಡವರ ಬಾಯಿಂದ ಮಾತಾಡುವ ದೇವರು ಅವನು.

ಉಪಾಯವೇನೋ ಚೆನ್ನಾಗಿತ್ತು. ಆದರೆ ಹೇಳಿಕೊಟ್ಟವನು ಕ್ಷೌರದವನು, ಅವನ ಬಾಯಿಗೆ ಬೀಗವಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರೇ ಎರಡು ಪಾಲಾಗಿತ್ತು. ತಿಮಾರೆಟ, ಬಿಟ್ಟೋ ಮತ್ತು ಅವರ ಓಣಿಯ ಹೆಂಗಸರೆಲ್ಲ ಮೂಡಲ ಗಡಿಕಲ್ಲಿನ ಹತ್ತಿರ ನಿಂತು “ಇಲ್ಲೇ ಇರು!” ಎಂದು ಕೂಗುವುದೆಂದು ಮಾತಾಯಿತು. ಡೆಕ್ಸಿಯೋಸ್ ತನ್ನ ಕೆಲಸದವರನ್ನು ಕಟ್ಟಿಕೊಂಡು ತೆಂಕಣ ಕಲ್ಲಿನ ಹತ್ತಿರ “ಹೋಗು! ಹೋಗು!” ಎನ್ನಲು ಗಂಟಲು ಸರಿಮಾಡಿಕೊಂಡ.

ಬಿಸಿಲು ಬಾಗಿದಾಗ ಮಿಕ್ಕೋಸ್ ದೇವರ ಮುಂದೆ ಬಂದು ನಿಂತ. ಅಷ್ಟರಲ್ಲಿ ಸಂತೆ ಬರಿದಾಗಿತ್ತು, ಎಲ್ಲರೂ ಗಡಿಯಲ್ಲಿ ಕಾಯುತ್ತಿದ್ದರು. ಯಾರೋ ಆಗಲೇ ಹಚ್ಚಿಟ್ಟ ಒಂದು ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ತನ್ನದೊಂದನ್ನು ಹೊತ್ತಿಸಿ, ಕಾಸಿಟ್ಟು, ತುದಿಗಾಲಲ್ಲಿ ನಿಂತು ದೇವರ ಕಿವಿಗೆ ಬಾಯಿ ಹಚ್ಚಿದ. ಆ ಕಿವಿಯ ಅಂಚು ಸವೆದು ಬೆಣ್ಣೆಯಂತಾಗಿತ್ತು. ಅವನ ಅಜ್ಜ, ಅಜ್ಜನ ಅಜ್ಜ, ಮಗು ಕಾಯಿಲೆ ಬಿದ್ದ ತಾಯಂದಿರು, ಗಂಡ ಬರಲಿಲ್ಲವೆಂದು ಕಾದವರು, ಎಲ್ಲರೂ ಬಾಯಿ ಹಚ್ಚಿ ಸವೆಸಿದ ಕಿವಿ. ಎಷ್ಟು ದುಃಖ ಕೇಳಿರಬಹುದು ಈ ಕಲ್ಲು!

“ಸ್ವಾಮಿ,” ಎಂದು ಪಿಸುಗುಟ್ಟಿದ, “ನಾನು ಹೋಗ್ಬೇಕಾ, ಇರ್ಬೇಕಾ?”

ಆಗ ಅವನ ತುಟಿಗೆ ತಿಳಿಯಿತು: ಆ ಕಲ್ಲಿನ ಕಿವಿ ತೇವವಾಗಿ, ಬೆಚ್ಚಗಿತ್ತು. ಜೀವ ಇರುವವರ ಕಿವಿಯ ಹಾಗೆ.

ಮಿಕ್ಕೋಸನ ಮೈಯೆಲ್ಲ ನವಿರೆದ್ದಿತು. ದೇವರು ನಿಜವಾಗಿ ಕೇಳಿಸಿಕೊಂಡಿದ್ದಾನೆ! ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಹೊರಟ.

ಮೂಡಲ ಗಡಿಕಲ್ಲಿನ ಹತ್ತಿರ ಹೆಂಗಸರ ಬಾಯಿಗಳು ನೀರಿನಿಂದ ತೆಗೆದ ಮೀನುಗಳ ಬಾಯಿಯ ಹಾಗೆ ತೆರೆದು ಮುಚ್ಚುತ್ತಿದ್ದವು. ಎಲ್ಲರ ಮುಂದೆ ತಿಮಾರೆಟ. ಅವಳ ಕಣ್ಣು ಕೆಂಪಾಗಿತ್ತು. ‘ಇಲ್ಲೇ ಇರು’ ಎಂದು ಅವಳ ತುಟಿ ಹೇಳುವುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಇಷ್ಟು ವರ್ಷದಲ್ಲಿ ಅವಳು ಅವನಿಗೆ ಹಾಗೆ ಹೇಳಿದ್ದು ಅದೇ ಮೊದಲು. ಒಂದು ಬೆರಳು ಸಡಿಲಿಸಿದ್ದರೆ ಸಾಕಿತ್ತು, ಅವನಿಗೆ ಬೇಕಾದ ಉತ್ತರವೇ ಕಿವಿಗೆ ಬೀಳುತ್ತಿತ್ತು, ರಾತ್ರಿ ತನ್ನ ಹಾಸಿಗೆಯಲ್ಲೇ ಮಲಗಬಹುದಿತ್ತು.

ಆದರೆ ಆ ಬೆಚ್ಚನೆಯ ಕಿವಿ! ಕೇಳಿಸಿಕೊಂಡ ದೇವರಿಗೆ ತಾನೇ ಉತ್ತರ ಹೇಳಿಕೊಡುವುದೇ? ಮಿಕ್ಕೋಸನಿಗೆ ಅದು ಆಗಲಿಲ್ಲ. ಹೆಂಡತಿಗೆ ತಲೆಯಲ್ಲೇ ‘ಬೇಡ, ಬೇಡ’ ಎಂದು ಸನ್ನೆ ಮಾಡಿ ತಿರುಗಿ ಓಡಿದ.

ಓಡಿದ್ದು ತೆಂಕಣಕ್ಕೆ. ಅಲ್ಲಿ ಡೆಕ್ಸಿಯೋಸ್ ಎರಡೂ ಕೈ ಬೀಸುತ್ತ ಬೊಬ್ಬೆ ಹಾಕುತ್ತಿದ್ದ. ಅಲ್ಲಿಂದಲೂ ತಿರುಗಿದ. ಕಿವಿ ಹಿಡಿದುಕೊಂಡು ಓಡುವವನಿಗೆ ಕೈ ಎಲ್ಲಿಂದ ಬರಬೇಕು? ಮೈಮೇಲಿನ ಹೊದಿಕೆ ಜಾರಿತು. ಮೂಗಿನ ಮೇಲೆ ನೊಣ ಕೂತಿತು. ಹಿಂದಿನಿಂದ ಬಂದ ಹೇಸರಗತ್ತೆ ಅವನಿಗೆ ಕೇಳಿಸಲಿಲ್ಲ, ಅದರ ಮೂತಿ ಬೆನ್ನಿಗೆ ತಗುಲಿದಾಗ ಹೋಗಿ ದಾರಿ ಬದಿಯ ಅಂಜೂರದ ಬುಟ್ಟಿಯ ಮೇಲೆ ಕೂತ. ಬುಟ್ಟಿಯವಳು ಏನೇನು ಬೈದಳೋ, ಸದ್ಯ, ಅದೂ ಕೇಳಿಸಲಿಲ್ಲ. ಕೇಳಿಸಿದ್ದರೆ ಅದೇ ದೇವರ ವಾಕ್ಯವಾಗುತ್ತಿತ್ತು. ಹಿಂಭಾಗಕ್ಕೆ ಅಂಜೂರ ಮೆತ್ತಿಕೊಂಡೇ ಪಡುವಣ ಗಡಿಕಲ್ಲು ದಾಟಿ, ಆಲಿವ್ ತೋಪು ಹಾದು, ದಿಬ್ಬದ ಮೇಲಿನ ಬುಗ್ಗೆಯವರೆಗೂ ಓಡಿದ. ಎರಡೂ ಗುಂಪು ಕೂಗುತ್ತ ಹಿಂದೆ ಬರುತ್ತಿತ್ತು.

ಬುಗ್ಗೆಯ ಹತ್ತಿರ ಒಬ್ಬ ಬೆನ್ನು ತಿರುಗಿಸಿ ನಿಂತಿದ್ದ. ಈ ಊರಿನವನಲ್ಲ. ಉಪ್ಪುಗಾಳಿಗೆ ಬಿಳಿಚಿದ ಹೊದಿಕೆ. ಮಿಕ್ಕೋಸನ ಎದೆ ಅರಳಿತು. ಇವನಿಗೆ ನಾನು ಹೋದರೂ ಒಂದೇ, ಇದ್ದರೂ ಒಂದೇ. ದೇವರು ಇವನನ್ನೇ ಕಳಿಸಿದ್ದಾನೆ. ಅವನ ಮುಂದೆ ಹೋಗಿ ನಿಂತು ಕಿವಿಯಿಂದ ಕೈ ತೆಗೆದ.

ಆ ಮನುಷ್ಯ ಮಾತಾಡಲಿಲ್ಲ. ಮಿಕ್ಕೋಸನ ಬಾಯನ್ನೇ ನೋಡುತ್ತ ನಿಂತ.

ಮಿಕ್ಕೋಸ್ ಹುಬ್ಬೆತ್ತಿ, ಹೇಳು ಎನ್ನುವ ಹಾಗೆ ಗಲ್ಲ ಅಲ್ಲಾಡಿಸಿದ. ಅವನೂ ಹುಬ್ಬೆತ್ತಿ ಗಲ್ಲ ಅಲ್ಲಾಡಿಸಿದ. ಮಿಕ್ಕೋಸ್ ಕೈ ಮುಗಿದ. ಅವನೂ ಮುಗಿದ. ಜೀರುಂಡೆಗಳು ಕೂಗುತ್ತಿದ್ದವು, ಆದರೆ ಜೀರುಂಡೆ ಮನುಷ್ಯನಲ್ಲವಲ್ಲ. ಇತ್ತ ಗುಂಪು ತೋಪು ದಾಟುತ್ತಿತ್ತು. ಇನ್ನೇನು ಅವರ ಮಾತು ಬಿಡಿಬಿಡಿಯಾಗಿ ಕೇಳಿಸಿಬಿಡುತ್ತದೆ, ದೇವರ ಬಾಯಿಗೆ ಊರಿನವರು ಮಣ್ಣು ಹಾಕುತ್ತಾರೆ. ಮಿಕ್ಕೋಸನಿಗೆ ತಡೆಯಲಾಗಲಿಲ್ಲ.

“ಏನಯ್ಯಾ, ಬಾಯಿಗೆ ಗಾರೆ ಮೆತ್ತಿದ್ದಾರಾ? ನಾನು ಹೆಂಚು ಸುಡೋ ಮಿಕ್ಕೋಸ್, ಹೆಂಡ್ತಿ ಮಕ್ಕಳಿರೋ ಮನುಷ್ಯ. ನಿನ್ನ ಕಾಲಿಗೆ ಬೀಳ್ತೀನಿ, ಏನಾದ್ರೂ ಒಂದು ಮಾತು ಆಡು!”

ಅಪರಿಚಿತನ ಕಣ್ಣು ಅಗಲವಾಯಿತು. ನಿಂತಲ್ಲೇ ಮೊಣಕಾಲೂರಿದ. ಆಮೇಲೆ ಬಾಯಿ ಬಿಟ್ಟ.

“ನಾಳೆ ಬೆಳಿಗ್ಗೆ ನೀನು ನನ್ನ ಹಡಗು ಹತ್ತು.”

“ನಿನ್ನ ಹಡಗಾ?” ಎಂದ ಮಿಕ್ಕೋಸ್.

“ನಾನು ಥೇರೋನ್. ಹೊಳೆ ಬಾಯಲ್ಲಿರೋ ಹಡಗಿನ ನಾಯಕ,” ಎಂದ ಅವನು. “ಕೊನೇ ಜಾಗಕ್ಕೆ ಯಾರನ್ನ ಕರ್ಕೊಂಡು ಹೋಗ್ಲಿ ಅಂತ ಈಗ ತಾನೇ ನಿಮ್ಮ ಹರ್ಮಿಸನ ಕಿವೀಲಿ ಕೇಳ್ದೆ. ದೀಪ ಹಚ್ಚಿ, ಕಿವಿ ಮುಚ್ಕೊಂಡು, ಗಡಿ ದಾಟಿ ಬಂದು ಕೈ ತೆಗೆದ್ರೆ ಒಂದು ನರಪಿಳ್ಳೆ ಇಲ್ಲ. ಯಾರಾದ್ರೂ ಬಂದು ಬಾಯಿ ಬಿಡ್ಲಿ ಅಂತ ಕಾಯ್ತಾ ಇದ್ದೆ. ಗೋಡೆ ಕಟ್ಟೋರು ಇದ್ದಾರೆ, ಬಡಗಿ ಇದಾನೆ, ಉಳೋರು ಇದ್ದಾರೆ. ಮೇಲೆ ಹೆಂಚು ಹೊದಿಸೋನು ಒಬ್ಬನೂ ಇಲ್ಲ! ಅದು ನನಗೆ ಹೊಳೆದೇ ಇರ್ಲಿಲ್ಲ ಕಣಯ್ಯ. ದೇವರಿಗೆ ಹೊಳೆದಿದೆ.”

ಆ ಕಿವಿಯನ್ನು ಬೆಚ್ಚಗೆ ಮಾಡಿದ್ದು ಯಾರ ಉಸಿರು ಎಂದು ಮಿಕ್ಕೋಸನಿಗೆ ಈಗ ತಿಳಿಯಿತು. ತಿಳಿದ ಮೇಲಾದರೂ ಭಯ ಕಡಿಮೆಯಾಗಬೇಕಿತ್ತು, ಬದಲಿಗೆ ಹೆಚ್ಚಾಯಿತು. ಒಂದೇ ಕಿವಿಯಲ್ಲಿ ಇಬ್ಬರು ಕೇಳಿದ್ದರು. ಇವನ ಉತ್ತರವನ್ನು ಅವನ ಬಾಯಲ್ಲಿ, ಅವನ ಉತ್ತರವನ್ನು ಇವನ ಬಾಯಲ್ಲಿ ಇಟ್ಟು, ಯಾರೂ ಇಲ್ಲದ ದಿಬ್ಬದ ಮೇಲೆ ಇಬ್ಬರನ್ನೂ ಎದುರು ಬದುರು ನಿಲ್ಲಿಸಿದ ಆ ಗಡ್ಡದವನ ಕೈಚಳಕಕ್ಕೆ ಏನೆನ್ನಬೇಕು! ಮಿಕ್ಕೋಸ್ ಸಂತೆಯ ದಿಕ್ಕಿಗೆ ತಿರುಗಿ ಅಡ್ಡಬಿದ್ದ. ಅಳುತ್ತಲೇ ಬಿದ್ದ.

ಗುಂಪು ಏದುಸಿರು ಬಿಡುತ್ತ ಬಂದು ನಿಂತಿತು. ಸಂಗತಿ ತಿಳಿದ ಮೇಲೆ ಡೆಕ್ಸಿಯೋಸ್ ಕೂಡ ನಗಲು ಹೆದರಿದ. ಬಿಟ್ಟೋ ಸುಮ್ಮನಿದ್ದದ್ದನ್ನು ನಮ್ಮೂರು ಕಂಡದ್ದು ಆ ಸಂಜೆ ಮಾತ್ರ.

ತಿಮಾರೆಟ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಂದು ಸಂಸಾರಕ್ಕೆ ಜಾಗ ಅಂದ್ರಲ್ಲ. ನಾನೂ ಮಕ್ಕಳೂ ಬರ್ತೀವಿ. ಆದ್ರೆ ಅಲ್ಲಿ ಮೊದಲ ಹೆಂಚು ನನ್ನ ಮನೆ ಮೇಲೆ. ಆ ಹರ್ಮಿಸನ ಆಣೆಯಾಗಿ ಹೇಳ್ತಿದೀನಿ.”

ಅಷ್ಟರಲ್ಲಿ ಎಲ್ಲರ ಹಿಂದೆ ಕೋಲೂರಿಕೊಂಡು ಅತ್ತೆ ಬಂದಳು. ಬಂದವಳೇ ಒಂದರ ಮೇಲೊಂದು ಸೀನಿದಳು.

“ಮತ್ತೆ ಏನತ್ತೆ ಇದು?” ಮಿಕ್ಕೋಸ್ ಗಾಬರಿಯಿಂದ ಎದ್ದ.

“ನೆಗಡಿ ಕಣಪ್ಪ. ಮೊನ್ನೆಯಿಂದ ಹಿಡ್ಕೊಂಡಿದೆ. ನಿನ್ನ ಸೂರು ಸೋರೋದು ಸರಿಯಾಗಿ ನನ್ನ ಹಾಸಿಗೆ ಮೇಲೇ ಅಲ್ವಾ?”

ಮಿಕ್ಕೋಸ್ ಅತ್ತೆಯ ಕೆಂಪು ಮೂಗನ್ನು ನೋಡಿದ. ನಾಲ್ಕು ಹೆಂಚು. ಬರೀ ನಾಲ್ಕು ಹೆಂಚು ಹಾಕಿದ್ದರೆ! ಆಮೇಲೆ, ಹೋಗಲಿ, ಇಷ್ಟರಲ್ಲೂ ಒಂದು ಸಮಾಧಾನ ಇದೆಯಲ್ಲ ಎನಿಸಿ, ಆದಷ್ಟು ಮೆತ್ತಗೆ ಹೇಳಿದ. “ಅತ್ತೆ, ನಿಮಗೆ ವಯಸ್ಸಾಯ್ತು. ಸಮುದ್ರ, ಗಾಳಿ, ಆರು ತಲೆಯ ಹೆಣ್ಣು... ನೀವು ಇಲ್ಲೇ ನಿಮ್ಮ ದೊಡ್ಡ ಮಗಳ ಮನೇಲಿ ಆರಾಮಾಗಿ ಇದ್ದುಬಿಡಿ.”

“ಯಾರಿಗೆ ವಯಸ್ಸು?” ಎಂದಳು ಅತ್ತೆ. “ನಾನೂ ಬರ್ತೀನಿ.”

ಅಂದವಳೇ “ಆಕ್ಷೀ!” ಎಂದು ಸೀನಿದಳು.

ಥೇರೋನ್ ಭಕ್ತಿಯಿಂದ ತಲೆ ಬಾಗಿಸಿದ. ಊರೆಲ್ಲ ಬಾಗಿಸಿತು. ಅದು ನೆಗಡಿ ಕಣ್ರಯ್ಯಾ ಎಂದು ಹೇಳಲು ಮಿಕ್ಕೋಸ್ ಬಾಯಿ ತೆರೆದ. ಕೆಳಗೆ ಖಾಲಿ ಸಂತೆಯಲ್ಲಿ ಎರಡು ದೀಪ ಉರಿಯುತ್ತಿದ್ದವು. ಅವುಗಳನ್ನು ನೋಡಿ ಬಾಯಿ ಮುಚ್ಚಿಕೊಂಡ.