ಬೈ-ಟು ಕಾಫಿಯ ಮಹಾಸಮರ

ಎಲೈ ಸಹೃದಯ ಸಭಾಸದರೇ, ಕಿವಿಗೊಟ್ಟು ಕೇಳಿರಿ! ನಲ್ಲಿಗಳು ದಿನ ಬಿಟ್ಟು ದಿನ ಪ್ರಸನ್ನವಾಗುತ್ತಿದ್ದ, ಫ್ಯಾನುಗಳು ತಿರುಗುವುದಕ್ಕಿಂತ ನರಳುವುದೇ ಹೆಚ್ಚಾಗಿದ್ದ ಕಲಿಯುಗದ ಒಂದು ಬೇಸಿಗೆ ರಜೆಯಲ್ಲಿ, ಮೈಸೂರು ನಗರದ ಪುಟ್ಟ ಗ್ರಂಥಾಲಯವೊಂದರ ಸಭಾಂಗಣದಲ್ಲಿ, ನಶ್ಯಚೂರ್ಣಧೂಸರಿತನಾಸಾಗ್ರನೂ ಸಂಧಿಸಮಾಸಭಯಂಕರನೂ ನಿವೃತ್ತಮೇಷ್ಟ್ರಕುಲತಿಲಕನೂ ಆದ ಅಳಸಿಂಗಾಚಾರ್ಯನು ರಣಸನ್ನದ್ಧನಾಗಿ ನಿಂತನು.

ಎದುರಾಳಿ ಯಾರು? ಅದೇ ಸಭಾಂಗಣದ ಆಚೆ ಮೂಲೆಯಲ್ಲಿ ಬೋರ್ಡಿಗೆ ಪೌಡರು ಉದುರಿಸುತ್ತಿದ್ದ ಸ್ಟ್ರೈಕರಾಯುಧಪಾಣಿ, ಕ್ಯಾರಂ ಕಲಿಸುವ ಕಾಳಿಂಗಪ್ಪ. ಮಧ್ಯಾಹ್ನ ಬೀಗ ಹಾಕುವ ಹೊತ್ತಿಗೆ ಮಕ್ಕಳು ಯಾರ ಕಡೆ ಇರುತ್ತಾರೋ, ಇನ್ನು ಮೇಲೆ ಭಾನುವಾರದ ಸಭಾಂಗಣ ಅವರದೇ ಎಂದು ಗ್ರಂಥಪಾಲಕಿ ಸಾರಿಬಿಟ್ಟಿದ್ದರು. ಸೋತರೆ ಆಚಾರ್ಯನ ಕಥಾವಾಚನಕ್ಕೆ ಎಳ್ಳುನೀರು. ಮನೆಯಲ್ಲೋ, ಅವನು ಬಾಯಿ ತೆರೆದ ಕೂಡಲೆ ಹೆಂಡತಿ ಮಿಕ್ಸಿ ಹಾಕುತ್ತಿದ್ದಳು. ಅವನ ಮಾತಿಗೆ ಈ ಮಕ್ಕಳ ಕಿವಿಯೇ ಕೊನೆಯ ಆಸರೆ, ಪಾಪ.

"ಕಾಳಿಂಗಪ್ಪ, ಕೇಳಿಸ್ಕೊಳ್ಳಿ!" ಎಂದು ಆಚಾರ್ಯನು ಕೈಲಿದ್ದ ಪುಸ್ತಕವನ್ನೆತ್ತಿ ಗರ್ಜಿಸಿದನು. "ಮಹಾಲೇಖಕ ಶೇಷರಸರು ಹುಡುಗ ವಯಸ್ಸಿನಲ್ಲಿ ಬರೆದ ಪೇಟೆ ಚಿತ್ರಗಳು ಇವು. ಜಟಕಾ, ಸಂತೆ, ಕಾಫಿ ಹೋಟ್ಲು, ಎಲ್ಲಾ ಇದೆ. ಒಂದು ಪುಟ ಓದಿದ್ರೆ ಸಾಕು, ನಿಮ್ಮ ಬೋರ್ಡಿನ ಮೇಲೆ ನೊಣ ಕೂಡ ಕೂರಲ್ಲ!"

"ಓದಿ ಮೇಷ್ಟ್ರೇ, ಬ್ಯಾಡ ಅಂದೋರ್ಯಾರು? ಕೆಂಪು ಕಾಯಿ ಒಂದ್ಸಲ ಬಿತ್ತು ಅಂದ್ರೆ ಅಷ್ಟೂ ಜನ ನನ್ ಕಡೆ!"

ಓದಿದ್ದರೆ ಗೆಲ್ಲುತ್ತಿದ್ದನೋ ಏನೋ! ಆದರೆ ಲೇಖಕರ ಪರಿಚಯ ಮಾಡಿಕೊಡದೆ ಪುಸ್ತಕ ತೆರೆಯುವುದುಂಟೇ? ನಮ್ಮ ಸಭೆಗಳ ಮರ್ಯಾದೆ ಏನಾಗಬೇಕು? ಪುಸ್ತಕವನ್ನು ಮುಂದೆ ಕೂತಿದ್ದ ನಿರುಪಮಾ ಎಂಬ ಹುಡುಗಿಯ ಕೈಗಿತ್ತು ಶುರುಮಾಡಿದ. ಪ್ರಾರ್ಥನೆಯಾಯಿತು, ಸ್ವಾಗತವಾಯಿತು, ಶೇಷರಸರ ಜನನ, ತಂದೆ, ತಾಯಿ, ಸೋದರಮಾವ, ಆ ಸೋದರಮಾವನ ಅಮಲ್ದಾರಿಕೆ, ಹಾರ, ಶಾಲು, ಬಿರುದು ಎಂದು ಪರಿಚಯಾಸ್ತ್ರವು ದಶದಿಕ್ಕುಗಳನ್ನೂ ವ್ಯಾಪಿಸಿತು. ನೀರು ಕುಡಿಯುವ ನೆಪದಲ್ಲಿ ಎದ್ದ ಮಕ್ಕಳೆಲ್ಲ ಕ್ಯಾರಂ ಬೋರ್ಡಿನ ಸುತ್ತ ನೆರೆದರು. ಕಡೆಗೆ ನಿರುಪಮಾ ಕೂಡ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತ ಅತ್ತ ನಡೆದಳು. ಆಚಾರ್ಯನು ಖಾಲಿ ಜಮಖಾನಕ್ಕೆ ಅಮಲ್ದಾರರ ಕಥೆ ಹೇಳುತ್ತಿದ್ದನು.

"ಬೇಜಾರ್ ಮಾಡ್ಕೋಬ್ಯಾಡಿ ಮೇಷ್ಟ್ರೇ. ಬನ್ನಿ, ಕಾಫಿ ಕುಡಿಯೋಣ," ಎಂದ ಕಾಳಿಂಗಪ್ಪ. ಎದುರು ಹೋಟೆಲಿಗೆ ಮಕ್ಕಳ ಸೇನೆಯೂ ಹಿಂಬಾಲಿಸಿತು. ಬೈ-ಟು ಹೇಳಿದರು, ಒಂದೇ ಕಾಫಿ ಎರಡು ಲೋಟಗಳಲ್ಲಿ ಹಂಚಿಕೆಯಾಗಿ ಬಂತು.

ಅಯ್ಯೋ, ವಿಧಿಯೇ! ಆಚಾರ್ಯನ ದೃಷ್ಟಿ ವೈರಿಯ ಲೋಟದ ಮೇಲೆ ಬಿತ್ತು.

"ಏನ್ರೀ, ನಿಮ್ಮದರಲ್ಲಿ ಒಂದು ಗುಟುಕು ಜಾಸ್ತಿ ಇದೆ!"

"ನಂದು ಬರೀ ನೊರೆ ಮೇಷ್ಟ್ರೇ. ಕಾಫಿ ಎಲ್ಲಾ ನಿಮ್ಮದರಲ್ಲೇ ಐತೆ!"

"ನೊರೆಯಂತೆ ನೊರೆ! ಭಾನುವಾರಾನೂ ಹೋಯ್ತು, ಕಾಫೀನೂ ಹೋಯ್ತು. ಅಳೆದೇ ನೋಡಿಬಿಡೋಣ! ಏಯ್, ಒಂದು ಚಮಚ ತಾರಯ್ಯ!"

ಬೀಸಣಿಗೆಯಾಗಿದ್ದ ಪುಸ್ತಕವನ್ನು ಆಗಷ್ಟೇ ತೆರೆದಿದ್ದ ನಿರುಪಮಾ ಕಿರುಚಿದಳು: "ಮೇಷ್ಟ್ರೇ, ಇಲ್ಲಿ ನೀವಿಬ್ರೂ ಇದೀರ! ಇವ್ರೂ ಒಂದು ಕಾಫಿ ಹಂಚ್ಕೊಂಡು ಜಗಳ ಆಡ್ತಿದಾರೆ! ಇವ್ರೂ ಚಮಚ ಕೇಳ್ತಾರೆ!"

"ಮುಂದೇನೇ? ಯಾರು ಗೆಲ್ತಾರೆ? ಜೋರಾಗಿ ಓದೇ!" ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಓದುತ್ತ ನಗುತ್ತ, ನಗುತ್ತ ಓದುತ್ತ ಇಡೀ ಹಿಂಡು ರಸ್ತೆ ದಾಟಿ ಸಭಾಂಗಣದ ಜಮಖಾನಕ್ಕೆ ಹಿಂತಿರುಗಿತು. ಕ್ಯಾರಂ ಬೋರ್ಡು ಅನಾಥವಾಗಿ ಬಿದ್ದಿತ್ತು. ಗ್ರಂಥಪಾಲಕಿ ಬೀಗ ಹಿಡಿದು ಬಂದವರು ತಾವೂ ಕೂತು ಕೇಳತೊಡಗಿದರು. ಹಿಂದೆಯೇ ಓಡಿಬಂದ ಆಚಾರ್ಯನಿಗೆ ಕಣ್ಣು ತುಂಬಿ ಬಂತು. ವಿಜಯಶ್ರೀ ತನ್ನವಳಾದಳೆಂದು ಅವನು ಉತ್ತರೀಯ ಸರಿಪಡಿಸಿಕೊಂಡು ಕೈ ಎತ್ತಿದನು:

"ಮಕ್ಕಳೇ, ಈ ಶೇಷರಸರ ಸೋದರಮಾವ ಇದ್ದಾರಲ್ಲ..."

"ಶ್! ಸುಮ್ನಿರಿ ಮೇಷ್ಟ್ರೇ, ಕೇಳಿಸ್ತಿಲ್ಲ!"

ತ್ರಿಲೋಕವಿಜಯಿಯಾದ ವೀರನು ಬಾಯಿ ಮುಚ್ಚಿಕೊಂಡು ಮೆಲ್ಲನೆ ಹೋಟೆಲಿಗೆ ಮರಳಿದನು. ಮೇಜಿನ ಮೇಲೆ ಎರಡು ಲೋಟಗಳೂ ಖಾಲಿ. ಕಾಳಿಂಗಪ್ಪ ಮೀಸೆಯ ನೊರೆ ಒರೆಸಿಕೊಳ್ಳುತ್ತಿದ್ದ.

"ಭಾನುವಾರ ನಿಮ್ದು, ಮೇಷ್ಟ್ರೇ," ಎಂದ. "ಕಾಫಿ ನಂದು."