ಮಾವನ ಹೊಟ್ಟೆ ಉಬ್ಬರಕ್ಕೆ ದ್ರಾಕ್ಷಿ ಮದ್ದು

ಎಪ್ಪತ್ನಾಲ್ಕನೇ ಇಸವಿಯವರೆಗೆ ಚಂದ್ರಶೇಖರಪ್ಪ ಮೇಷ್ಟ್ರು ಕುಡಿದದ್ದೆಂದರೆ ಶಿಕಾರಿಪುರದ ಕುತುಬುದ್ದೀನ್ ಸಾಬರ ಗೋಲಿ ಸೋಡಾ ಮಾತ್ರ. ಒಮ್ಮೆ ಅದನ್ನು ಕುಡಿದು ರಸ್ತೆಯಲ್ಲಿ ಜೋರಾಗಿ ತೇಗಿದ್ದನ್ನು ಪಕ್ಕದ ಮನೆಯ ಶೇಷಮ್ಮ ಕಂಡು, 'ನಿಮ್ಮ ಅಳಿಯ ಕುಡೀತಾನೆ' ಎಂದು ಸೊರಬಕ್ಕೆ ಕಾಗದ ಹಾಕಿಬಿಟ್ಟರು. ಮಾವ ಮಹೇಶ್ವರಪ್ಪನವರು ಅಲ್ಲಿನ ಪಾನನಿರೋಧ ಸಂಘದ ಅಧ್ಯಕ್ಷರು. ಕಾಗದ ಮುಟ್ಟಿದ ದಿನವೇ ಬಂದು ಮಗಳು ವನಜಳನ್ನು ಕರೆದುಕೊಂಡು ಹೋದರು. ಎರಡು ತಿಂಗಳಿಂದ ಮೇಷ್ಟ್ರಿಗೆ ಅವಲಕ್ಕಿಯೇ ಗತಿ.

ಕೊನೆಗೆ 'ಬಂದು ಮಾತಾಡಿ' ಎಂದು ಮಾವನ ಪತ್ರ ಬಂತು. ಹೊರಟ ಬೆಳಿಗ್ಗೆಯೇ ದೊಡ್ಡಬಳ್ಳಾಪುರದ ಹಳೆಯ ಗೆಳೆಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, ಚೀಲಕ್ಕೊಂದು ಬಾಟಲಿ ತುರುಕಿದ.

"ನಮ್ಮ ತೋಟದ ದ್ರಾಕ್ಷಿ ವೈನು ಕಣೋ. ಕೊಟ್ಟಿಗೆ ಗೊಬ್ಬರ ಬಿಟ್ರೆ ಬೇರೇನೂ ಹಾಕಿಲ್ಲ. ಅಪ್ಪ, ಅಮ್ಮ, ನಾವೆಲ್ಲ ಸೇರಿ ಮಾಡಿದ್ದು. ಸೋಡಾ ತರ ನೊರೆ ಬರುತ್ತೆ, ಅಲ್ಲಾಡಿಸ್ಬೇಡ."

ಬೇಡ ಎನ್ನುವಷ್ಟರಲ್ಲಿ ಅವನ ಬಸ್ಸು ಹೊರಟಿತು. ಮನೆಯಲ್ಲಿಡೋಣವೆಂದರೆ ಶೇಷಮ್ಮ, ಎಸೆಯೋಣವೆಂದರೆ ಸುತ್ತ ಶಾಲೆಯ ಮಕ್ಕಳ ತಂದೆ ತಾಯಿಯರು. ಮೇಷ್ಟ್ರು ಬಾಟಲಿಯನ್ನು ಬಾಳೆಹಣ್ಣಿನ ಕೆಳಗೆ ಮುಚ್ಚಿಕೊಂಡು ಸೊರಬದ ಬಸ್ಸು ಹತ್ತಿದರು. ಆ ರಸ್ತೆಯಲ್ಲಿ ಅಲ್ಲಾಡದೆ ಸೊರಬ ಸೇರಿದವರು ಯಾರೂ ಇಲ್ಲ.

ಮಾವನ ಪಡಸಾಲೆಯಲ್ಲಿ ನೆರೆಮನೆಯ ಕೆಂಪಪ್ಪ ನ್ಯಾಯ ಹೇಳಲು ಆಗಲೇ ಬಂದು ಕೂತಿದ್ದ.

"ಅಳಿಯಂದ್ರೇ, ನಮ್ಮ ವಂಶದಾಗೆ ಹೆಂಡದ ವಾಸ್ನೆ ಹೆಂಗಿರ್ತದೆ ಅಂತ ಯಾರಿಗೂ ಗೊತ್ತಿಲ್ಲ," ಎಂದರು ಮಾವ.

"ನನಗೂ ಗೊತ್ತಿಲ್ಲ ಮಾವ, ನಿಮ್ಮಾಣೆ..."

ತೊಡೆಯ ಮೇಲಿನ ಚೀಲ ಡಬ್ ಎಂದಿತು. ಬಿರಡೆ ತೊಲೆಗೆ ಬಡಿದು ಕೆಂಪಪ್ಪನ ನೆತ್ತಿಗೆ ಬಿತ್ತು. ಬಾಳೆಹಣ್ಣಿನ ಸಂದಿಯಿಂದ ನೊರೆ ಉಕ್ಕಿ ಮೇಷ್ಟ್ರ ಅಂಗಿ, ಪಂಚೆ ಎಲ್ಲ ತೊಯ್ದವು.

"ಎಂತದದು?"

"ಔಷಧಿ ಮಾವ. ದ್ರಾಕ್ಷಿದು. ನಿಮ್ಮ ಹೊಟ್ಟೆ ಉಬ್ಬರಕ್ಕೆ ಅಂತ ತಂದೆ."

ಆ ಉಬ್ಬರಕ್ಕೆ ಶಿವಮೊಗ್ಗದ ಡಾಕ್ಟರೇ ಕೈಚೆಲ್ಲಿದ್ದರು. ಮಾವ ಒಂದು ಲೋಟ ಕುಡಿದು ಕಣ್ಣು ಮುಚ್ಚಿದರು. ಆಮೇಲೆ ಒಂದು ತೇಗು ಬಂತು, ಆರು ವರ್ಷದಿಂದ ಒಳಗೇ ಸಿಕ್ಕಿಕೊಂಡಿದ್ದ ತೇಗು. ಕೊಟ್ಟಿಗೆಯ ಎಮ್ಮೆ ಮೇವು ಬಿಟ್ಟು ತಲೆಯೆತ್ತಿತು.

"ಹಗುರಾತು ನೋಡು ಕೆಂಪಪ್ಪ. ನೀನೂ ಒಂದು ಲೋಟ ತಗ."

ಅರ್ಧ ಗಂಟೆಯಲ್ಲಿ ಬಾಟಲಿ ಬರಿದಾಯಿತು. ಮೇಷ್ಟ್ರಿಗೂ ತೇಗಿದಷ್ಟೇ ಹಗುರ. ಬಾಗಿಲ ಹಿಂದೆ ನಿಂತಿದ್ದ ವನಜಳಿಗೆ ಗಂಡನ ಮುಖ ನೋಡಿಯೇ ಸುಳ್ಳು ಗೊತ್ತಾಗಿತ್ತು. ಸೆರಗಿನಲ್ಲಿ ನಗು ಮುಚ್ಚಿಕೊಂಡು ಪೆಟ್ಟಿಗೆ ತಂದಳು.

"ಪೆಟ್ಟಿಗೆ ಒಳಗಿಡು ಕೂಸೆ," ಎಂದರು ಮಾವ, ಅಳಿಯನ ಹೆಗಲ ಮೇಲೆ ಪ್ರೀತಿಯಿಂದ ಕೈ ಹಾಕಿ. "ಬರೋ ವಾರ ಸಂಘದ ವಾರ್ಷಿಕ ಸಭೆ. ಮೆಂಬರುಗಳಿಗೆಲ್ಲ ಹೊಟ್ಟೆ ಉಬ್ಬರ. ಎರಡು ಡಜನ್ ತಂದು ಕೊಟ್ಟು, ಆಮೇಲೆ ಇವಳನ್ನ ಕರ್ಕಂಡು ಹೋಗಿ. ಗುರುತಿಗೆ ಖಾಲಿ ಬಾಟ್ಲಿ ಇಟ್ಗಳಿ."

ಮಧ್ಯಾಹ್ನ ಶಿಕಾರಿಪುರದಲ್ಲಿ ಹೆಂಡತಿಯ ಬದಲು ಬಾಟಲಿ ಹಿಡಿದು ಮೇಷ್ಟ್ರು ಬಸ್ಸಿಳಿದರು. ಎದುರಿಗೇ ಶೇಷಮ್ಮ. ಬಾಟಲಿ ನೋಡಿದರು, ಅಂಗಿಯ ವಾಸನೆ ಹಿಡಿದರು, ನೆಟ್ಟಗೆ ಪೋಸ್ಟಾಫೀಸಿನ ಕಡೆ ನಡೆದರು.