ನೀಲಕಂಠನ ಬೆರಳಿನ ಪಟ್ಟಿ

ನೀಲಕಂಠನ ಬೆರಳಿಗೆ ಏನೂ ಆಗಿರಲಿಲ್ಲ. ಆದರೂ ಎಳ್ಳಮಾವಾಸ್ಯೆ ಮುಗಿದಂದಿನಿಂದ ಅದಕ್ಕೆ ಬಿಳಿ ಪಟ್ಟಿ ಸುತ್ತಿಕೊಂಡೇ ತಿರುಗುತ್ತಿದ್ದ. ಬ್ರಹ್ಮಪುರದ ಅವನ ಓಣಿಯವರು ಸುಮ್ಮನಿರುವ ಜನವಲ್ಲ. ಒಬ್ಬರು ಅರಿಶಿನ ತಂದರು, ಇನ್ನೊಬ್ಬರು ಬೇವಿನ ಎಲೆ ಅರೆದು ಕೊಟ್ಟರು. ಪಕ್ಕದ ಮನೆಯ ಭೀಮಬಾಯಿಯಂತೂ "ಉಗುರುಸುತ್ತು ಇರ್ಬೇಕ್ರಿ, ನಿಂಬಿಹಣ್ಣಾಗ ಬೆರಳು ತುರುಕ್ರಿ" ಎಂದು ಅವನನ್ನು ನಿಂಬೆಹಣ್ಣಿನ ಸಮೇತ ಆಫೀಸಿಗೆ ಕಳಿಸಿದಳು.

ಪಟ್ಟಿಯ ಕೆಳಗೆ ಇರಬೇಕಾದ ಉಂಗುರ ಇರಲಿಲ್ಲ, ಅಷ್ಟೇ. ಕಮಲಾಪುರದಲ್ಲಿ ಹೆಂಡತಿಯ ತವರಿನ ಹೊಲ. ಹಬ್ಬದ ದಿನ ಚರಗ ಚೆಲ್ಲುವಾಗ ಕೈಯೆಲ್ಲ ಬೆಣ್ಣೆ, ಭಜ್ಜಿ. ಮೇಲೆ ಅಳಿಯನ ಉತ್ಸಾಹ ಬೇರೆ. ಭೂತಾಯಿಯ ನೈವೇದ್ಯವನ್ನು ಬೀಸಿ ಎರಚಿದ. ಅದರ ಜೊತೆ ಉಂಗುರವೂ ತೊಗರಿಯೊಳಗೆ ಹಾರಿತು. ಗೊತ್ತಾದದ್ದು ಕೈ ತೊಳೆದಾಗ.

ಅದು ಮಾವನ ಉಂಗುರ. ಮದುವೆಯ ದಿನ ಆತ ತನ್ನ ಬೆರಳಿನಿಂದಲೇ ಬಿಚ್ಚಿ ಅಳಿಯನಿಗೆ ತೊಡಿಸಿದ್ದ. ಈಗ ಆತ ಇಲ್ಲ. ಅಪ್ಪನ ನೆನಪಾದಾಗಲೆಲ್ಲ ಅಂಬಿಕಾ ಗಂಡನ ಪಕ್ಕ ಕೂತು ಆ ಉಂಗುರವನ್ನು ಅವನ ಬೆರಳಲ್ಲೇ ತಿರುಗಿಸುತ್ತಿದ್ದಳು. ಈಗ ಪಟ್ಟಿ ಸವರಿ ಎದ್ದು ಹೋಗುತ್ತಿದ್ದಳು. ಅದನ್ನು ನೋಡಿ ನೀಲಕಂಠ ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಳ್ಳುತ್ತಿದ್ದ.

ಕೊನೆಗೆ ರಜೆಯ ದಿನ ಬೆಳಿಗ್ಗೆ ಶಹಾಬಜಾರದ ಶಬ್ಬೀರನ ಅಂಗಡಿಗೆ ಹೋದ. ಶಬ್ಬೀರ್ ಮೋಟಾರು ರಿಪೇರಿ ಮಾಡುವವನು. ಜೊತೆಗೆ ಮೆಟಲ್ ಡಿಟೆಕ್ಟರುಗಳನ್ನು ಬಾಡಿಗೆಗೂ ಕೊಡುತ್ತಿದ್ದ.

"ನಿಧಿ ಏನ್ರಿ?" ಶಬ್ಬೀರ್ ದನಿ ಇಳಿಸಿದ.

"ನಿಧಿನೇ ಅಂತ ತಿಳೀರಿ. ಇಷ್ಟ ಸಣ್ಣದು ಸಿಗಬೇಕು ನೋಡ್ರಿ." ನೀಲಕಂಠ ಕಿಸೆಯಿಂದ ಬಂಗಾರದ ಬೆಂಡೋಲಿ ತೆಗೆದ. ಯಂತ್ರದ ಪರೀಕ್ಷೆಗೆಂದು ಅಂಬಿಕಾಳ ಡಬ್ಬಿಯಿಂದ ಹೇಳದೆ ತಂದ ಒಂಟಿ ಕಿವಿಯೋಲೆ ಅದು.

ಎದುರಿಗೆ ಮನೆ ಕಟ್ಟುತ್ತಿದ್ದರು. ಮೇಲೆ ಕಬ್ಬಿಣದ ಸರಳು ಕಟ್ಟಿಯಾಗಿತ್ತು, ಕೆಳಗೆ ಉಸುಕಿನ ರಾಶಿ. ಬೆಂಡೋಲಿಯನ್ನು ಅದರಲ್ಲಿ ಹುಗಿದರು. ಮೊದಲನೆಯ ಯಂತ್ರ ಉಸುಕು ಬಿಟ್ಟು ಶಬ್ಬೀರನ ಬೆಲ್ಟು ನೋಡಿ ಕೂಗಿತು. ಎರಡನೆಯದನ್ನು ಎತ್ತಿದರೆ ಸೊಂಟ ಹಿಡಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ಮೂರನೆಯದು ಹಳದಿ ಬಣ್ಣದ್ದು. ಕಬ್ಬಿಣಕ್ಕೆ ಗೊರ್ ಎನ್ನುತ್ತಿತ್ತು, ಬಂಗಾರಕ್ಕೆ ಟಿಂವ್ ಎನ್ನುತ್ತಿತ್ತು.

ಅಷ್ಟರಲ್ಲಿ ಓಣಿ ನೆರೆದಿತ್ತು. "ಮ್ಯಾಲೆ ಮ್ಯಾಲೆ ಹುಗದ್ರ ಕೋಳಿನೂ ಕೆದರಿ ತೆಗೀತದ," ಎಂದಳು ಎದುರುಮನೆಯ ಮೆಹಬೂಬಿ ಖಾಲಾ. "ಮೊಳಕೈ ಮಟ ಹುಗೀರಿ, ಆಮ್ಯಾಲೆ ಮಾತಾಡ್ರಿ."

ಹಾಗೇ ಹುಗಿದರು. ಹಳದಿ ಯಂತ್ರ ಟಿಂವ್ ಎಂದಿತು. ಓಣಿಯೆಲ್ಲ ಚಪ್ಪಾಳೆ ತಟ್ಟಿತು. "ಯಹೀಚ್ ಲೇಜಾವ್! ಇದನ್ನೇ ಒಯ್ರಿ!" ಎಂದು ಶಬ್ಬೀರ್ ಯಂತ್ರವನ್ನು ಅವನ ಹೆಗಲಿಗೇರಿಸಿದ. ಆಗಲೇ ಫೋನು ಬಂತು. ಹೊಲ ಮಾಡುವ ಮರೆಪ್ಪ, ಗುಟ್ಟು ಗೊತ್ತಿದ್ದ ಒಬ್ಬನೇ.

"ತೊಗರಿ ರಾಶಿ ಆಯ್ತ್ರಿ. ಮಧ್ಯಾಹ್ನ ನೇಗಿಲ ಹೊಡೀಲಾಕ ಟ್ರ್ಯಾಕ್ಟರ್ ಬರ್ತದ. ಈಗಿಂದೀಗ ಬಂದ್ರ ಬಂದ್ರಿ, ಇಲ್ಲಂದ್ರ ಉಂಗುರ ಮಣ್ಣಪಾಲು."

ನೀಲಕಂಠ ಬಸ್‌ಸ್ಟ್ಯಾಂಡಿಗೆ ಓಡಿದ.

ಕಮಲಾಪುರದಲ್ಲಿ ಹೆಗಲ ಮೇಲಿನ ಯಂತ್ರ ನೋಡಿದ್ದೇ ತಡ, ಅಳಿಯ ನಿಧಿ ತೆಗೆಯಲು ಬಂದಿದ್ದಾನೆಂದು ಅರ್ಧ ಊರು ಸಲಿಕೆ ಹಿಡಿದು ಹಿಂದೆ ಬಂತು. ಗೊರ್ ಎಂದಲ್ಲೆಲ್ಲ ಅಗೆದರು. ಎತ್ತಿನ ಲಾಳ ಬಂತು, ಔಷಧ ಡಬ್ಬಿಯ ಮುಚ್ಚಳ ಬಂತು. ಟ್ರ್ಯಾಕ್ಟರು ಬದುವಿಗೆ ಬಂದು ನಿಂತಾಗ ಯಂತ್ರ ಟಿಂವ್ ಎಂದಿತು. ನೀಲಕಂಠ ಹೆಂಟೆಯ ಮೇಲೆ ಬಕ್ಕಬೋರಲು ಬಿದ್ದ.

"ಏನ್ ಸಿಕ್ತು?" ಎಲ್ಲರೂ ಬಗ್ಗಿದರು.

"ಹಳೇ ವಾಷರು," ಎಂದು ಉಂಗುರವನ್ನು ಪಟ್ಟಿಯೊಳಗೆ ತುರುಕಿದ. ಕಣ್ಣು ಮಾತ್ರ ಮಾತು ಕೇಳಲಿಲ್ಲ.

"ವಾಷರಿಗೆ ಅಳ್ತಾರೇನ್ರಿ ಅಳಿಯಾರ?" ಎಂದು ಅತ್ತೆ ಶಂಕ್ರಮ್ಮ ಸೆರಗಿನಿಂದ ಅವನ ಮುಖದ ಮಣ್ಣು ಒರೆಸಿ, ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟು ಕಳಿಸಿದಳು.

ಸಂಜೆ ಮನೆಯಲ್ಲಿ ಅಂಬಿಕಾಳ ಎದುರೇ ಪಟ್ಟಿ ಬಿಚ್ಚಿದ. "ಗಾಯ ಮಾಯ್ತು ನೋಡು."

ಅಂಬಿಕಾ ಉಂಗುರವನ್ನು ಮೆಲ್ಲಗೆ ತಿರುಗಿಸಿದಳು. "ಹೊಲದಾಗ ಸಿಕ್ತೇನ್ರಿ?"

ನೀಲಕಂಠ ಬಿಚ್ಚಿದ ಪಟ್ಟಿಯನ್ನು ಸುತ್ತಿ ಕಿಸೆಗೆ ತುರುಕಿದ.

"ನೀವು ಮಲಗಿದಾಗ ಪಟ್ಟಿ ಜಾರಿತ್ತು. ಅವತ್ತೇ ನೋಡೀನಿ. ನೀವು ಅಷ್ಟು ಅಂಜಿದ್ರ ನಾ ಹೆಂಗ ಕೇಳ್ಲಿ? ಅಪ್ಪ ಇದ್ದಿದ್ರ ನಕ್ಕು ಬಿಡ್ತಿದ್ದ." ಅವಳು ಕಣ್ಣೊರೆಸಿಕೊಂಡು ಎದ್ದಳು. "ನಾಳಿ ಮುಂಜಾನೆ ನಿಮ್ಮವ್ವ ಬರ್ತಾರ. ಅವರು ಕೊಟ್ಟ ಬೆಂಡೋಲಿ ಹಾಕ್ಕೋಬೇಕು... ರೀ, ಡಬ್ಬ್ಯಾಗ ಒಂದೇ ಅದಲ್ರಿ!"

ನೀಲಕಂಠ ಕಿಸೆ ಮುಟ್ಟಿಕೊಂಡ. ಯಂತ್ರ ಟಿಂವ್ ಎಂದದ್ದು ನೆನಪಾಯಿತು, ಚಪ್ಪಾಳೆ ನೆನಪಾಯಿತು. ತೋಡಿ ತೆಗೆದದ್ದು ಮಾತ್ರ ನೆನಪಾಗಲಿಲ್ಲ.

ಗಂಡ ಹೆಂಡತಿ ಯಂತ್ರದ ಸಮೇತ ಶಹಾಬಜಾರಕ್ಕೆ ಓಡಿದರು. ಉಸುಕಿನ ರಾಶಿ ಇದ್ದಲ್ಲಿ ಬರಿ ನೆಲ. ಉಸುಕೆಲ್ಲ ಕಾಂಕ್ರೀಟಿಗೆ ಕಲಸಿ ಮಧ್ಯಾಹ್ನವೇ ಸ್ಲ್ಯಾಬ್ ಹಾಕಿ ಮುಗಿಸಿದ್ದರು. ಕೆಳಗೆ ನಿಂತು ಯಂತ್ರ ಎತ್ತಿ ಹಿಡಿದರೆ ಎಲ್ಲೆಲ್ಲೂ ಗೊರ್, ಗೊರ್.

"ತುಂಬ ಸರಳೇ ಅವ, ಕೂಗಲಾರದ ಏನ್ ಮಾಡ್ತದ್ರಿ?" ಎಂದ ಮನೆ ಕಟ್ಟುತ್ತಿದ್ದ ಗೌಂಡಿ ಕಪಿಲ.

"ನೋಡ್ರಿ, ಆಳಕ ಹುಗದ್ರ ಯಾವ ಕೋಳಿಗೂ ಸಿಗಂಗಿಲ್ಲ," ಎಂದಳು ಮೆಹಬೂಬಿ ಖಾಲಾ, ತನ್ನ ಮಾತು ನಿಜವಾಯಿತೆಂಬ ಸಮಾಧಾನದಲ್ಲಿ.

ಬರುವಾಗ ಆಟೋದಲ್ಲಿ ಅಂಬಿಕಾ ಉಂಗುರ ತಿರುಗಿಸುತ್ತಲೇ ಕೂತಿದ್ದಳು. "ನಾಳಿ ನಿಮ್ಮವ್ವಗ ಏನ್ ಹೇಳ್ಲಿ?"

ನೀಲಕಂಠ ಕಿಸೆಯಿಂದ ಹಳೆಯ ಪಟ್ಟಿಯ ಸುರುಳಿ ತೆಗೆದುಕೊಟ್ಟ. ಅವಳು ಅದನ್ನೊಮ್ಮೆ ನೋಡಿ, ಅವನನ್ನೊಮ್ಮೆ ನೋಡಿ, ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಕಿವಿಗೆ ಸುತ್ತಿಕೊಂಡಳು.

ಮರುದಿನ ನೀಲಕಂಠನ ಅವ್ವನಿಗಿಂತ ಮೊದಲೇ ಭೀಮಬಾಯಿ ಬಾಗಿಲು ಬಡಿದಳು. ಅವಳ ಕೈಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಇತ್ತು.